ಸಹಾಯ ಬೇಕು: ಜರ್ಮೇನಿಯಂ ಬೆಳ್ಳಿ ಬೆಸುಗೆಯ ಸುತ್ತ ಮಾತ್ರ ಕಪ್ಪಾಗ್ತಿದೆ

ಬೆಳ್ಳಿ ಕೆಲಸ ಬಲ್ಲವರು ದಯವಿಟ್ಟು ನೋಡಿ. ತಗಡು 925 (ನೂರಕ್ಕೆ 92.5 ಭಾಗ ಬೆಳ್ಳಿ), ಅದರಲ್ಲಿ ಸುಮಾರು 1% ಜರ್ಮೇನಿಯಂ, ಉಳಿದದ್ದು ತಾಮ್ರ. ಮಾಮೂಲಿ 925 ಕಪ್ಪಾಗೋ ಜಾಗದಲ್ಲೇ ಇಟ್ಟರೂ ಬರೀ ತಗಡು ವಾರಗಟ್ಟಲೆ ಬೆಳ್ಳಗೇ ಇರುತ್ತೆ. ಬೆಸುಗೆ ಹಾಕಿದರೆ ಮಾತ್ರ ಜೋಡಣೆಯಿಂದ ಎರಡು ಮೂರು ಮಿಲಿಮೀಟರ್ ಆಚೆವರೆಗೆ ಮೊದಲು ಹಳದಿ, ಆಮೇಲೆ ಕಂದು.

ಬೆಸುಗೆ ಬೆಳ್ಳಿ-ತಾಮ್ರ-ಸತುವಿನದು, ಅದರಲ್ಲಿ ಜರ್ಮೇನಿಯಂ ಇಲ್ಲ. ಬಿಳಿಗಾರ ಹಚ್ಚಿ ಕಾಯಿಸಿ, ಕೆಂಪು ಪೂರ್ತಿ ಆರಿದ ಮೇಲೇ ನೀರಿಗೆ ಹಾಕ್ತೀನಿ (ಕೆಂಪಿದ್ದಾಗ ಅದ್ದಿದರೆ ಈ ಲೋಹ ಬಿರುಕು ಬಿಡುತ್ತೆ). ನಂತರ ಬಿಸಿ ಆಮ್ಲದಲ್ಲಿ ತೊಳೆದು ಪಾಲಿಶ್. ಕಬ್ಬಿಣದ ತಂತಿ ಆಮ್ಲಕ್ಕೆ ಬಿದ್ದರೆ ಬೆಳ್ಳಿ ಮೇಲೆ ತಾಮ್ರ ಕೂರುತ್ತೆ ಅಂತ ಹೊಸ ಆಮ್ಲ, ಪ್ಲಾಸ್ಟಿಕ್ ಚಿಮಟ ಬಳಸಿದೆ. ಫಲ ಅದೇ. ಪಾಲಿಶ್ ಆದಮೇಲೆ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಓವನ್‌ನಲ್ಲಿಟ್ಟೆ. ಗಡಸು ಬಂತು, ಕಲೆ ಬರೋದು ನಿಲ್ಲಲಿಲ್ಲ.

ಬೆಸುಗೆಯ ಗೆರೆ ಕಪ್ಪಾಗೋದು ಅರ್ಥವಾಗುತ್ತೆ, ಅಲ್ಲಿ ರಕ್ಷಣೆ ಕೊಡೋ ಜರ್ಮೇನಿಯಂ ಆಕ್ಸೈಡೇ ಇಲ್ಲ. ಆದರೆ ಪಕ್ಕದ ತಗಡು ಯಾಕೆ? ಬೆಸುಗೆ ತೆಳ್ಳಗೆ ಹರಡಿದೆಯೋ, ಅತಿ ಶಾಖಕ್ಕೆ ಮೇಲ್ಪದರದ ಜರ್ಮೇನಿಯಂ ಕಳೆದುಹೋಯಿತೋ? ಇವೆರಡನ್ನೂ ಬೇರ್ಪಡಿಸಿ ನೋಡೋ ಸುಲಭ ಪರೀಕ್ಷೆ ಯಾವುದು? ರೋಡಿಯಂ ಲೇಪನ (ಕಪ್ಪಾಗದ ಬೇರೆ ಲೋಹದ ತೆಳು ಪದರ) ಬೇಡ.