ಅಟ್ಟದ ಮೇಲಿನ ಹಳೆ ಚೈನ್ ಸಾ: ಮಿಸ್ತ್ರಿ ಕಾಕಾಗೆ ಕೇಳಿದ್ದು

ಪ್ರಶ್ನೆ (ಖಾನಾಪುರ ಕಡೆಯಿಂದ): ಮಿಸ್ತ್ರಿ ಕಾಕಾ, ನಮಸ್ಕಾರ್ರಿ. ನಮ್ಮ ಅಜ್ಜನ ಕಾಲದ ದೊಡ್ಡ ಚೈನ್ ಸಾ (ಮರ ಕೊಯ್ಯುವ ಮಷಿನ್) ಅಟ್ಟದ ಮೇಲೆ ಸಿಕ್ಕಿದೆ. ಸ್ಟಿಕ್ಕರ್ ಹೋಗಿದೆ, ಮೇಲೆ ಯಾರೋ ಬಣ್ಣ ಬಳಿದಿದ್ದಾರೆ. ಒಬ್ಬರು ಸ್ಟಿಲ್ ಕಂಪನಿಯ 070 ಮಾಡೆಲ್ ಅಂತಾರೆ, ಇನ್ನೊಬ್ಬರು 090 ಅಂತಾರೆ. ಕಾರ್ಬ್ಯುರೇಟರ್ ಬಾಯಿಗೆ ನಾಲ್ಕು ಹನಿ ಪೆಟ್ರೋಲ್ ಹಾಕಿ ಹಗ್ಗ ಎಳೆದರೆ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಇದು ರಿಪೇರಿ ಆಗುತ್ತದಾ, ಗುಜರಿಗೆ ಹಾಕೋದಾ?

ಉತ್ತರ (ಮಿಸ್ತ್ರಿ, ಉದ್ಯಮಬಾಗ, ಬೆಳಗಾವಿ): ಗುಜರಿಗೆ ಬೇಡ ತಮ್ಮಾ. ಎರಡು ಸೆಕೆಂಡ್ ಓಡಿತು ಅಂದರೆ ಪ್ಲಗ್ಗಿಗೆ ಕರೆಂಟ್ ಬರುತ್ತಿದೆ, ಕಂಪ್ರೆಶನ್ನೂ (ಸಿಲಿಂಡರ್ ಒಳಗಿನ ಒತ್ತಡ) ಅಷ್ಟಿಷ್ಟು ಉಳಿದಿದೆ. ಆದರೆ ಇನ್ನು ಮುಂದೆ ಹಾಗೆ ಪೆಟ್ರೋಲ್ ಹನಿಸಿ ಓಡಿಸಬೇಡ. ಬರೀ ಪೆಟ್ರೋಲಿನಲ್ಲಿ ಆಯಿಲ್ ಇರುವುದಿಲ್ಲ. ಈ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಕಡೆಯಿಂದ ಆಯಿಲ್ ಬರುವುದಿಲ್ಲ, ಪಿಸ್ಟನ್ ಗೀರು ಬೀಳುತ್ತದೆ.

ಮೊದಲು ಗುರುತಿನ ಮಾತು. ಬಣ್ಣ, ಸ್ಟಿಕ್ಕರ್ ನಂಬಬೇಡ, ಅಳತೆ ನಂಬು. 070, 090 ಎರಡರ ಮೈಕಟ್ಟೂ ಹೆಚ್ಚುಕಡಿಮೆ ಒಂದೇ. ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, ಎರಡರಲ್ಲೂ 40 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಮಾತ್ರ ಬೇರೆ: 070ಗೆ 58 ಮಿ.ಮೀ., 090ಗೆ 66. ಹಾಗಾಗಿ ಒಂದು 106 ಸಿಸಿ, ಇನ್ನೊಂದು 137 ಸಿಸಿ. ಸಿಲಿಂಡರ್ ಬಿಚ್ಚಿದಾಗ ವರ್ನಿಯರ್ ಇಟ್ಟು ನೋಡು, ಜಗಳ ಮುಗಿಯುತ್ತದೆ. ಇನ್ನೊಂದು ವಿಷಯ. 070ಗೆ ನಕಲಿ ಬಹಳ ಬಂದಿವೆ, ಅವುಗಳ ಬೋರೂ 58 ಇರುತ್ತದೆ. ಕೇಸಿಂಗ್ ಎರಕ ಒರಟಾಗಿದ್ದರೆ, ಅಂಚು ಫೈಲ್ ಮಾಡದೆ ಬಿಟ್ಟಿದ್ದರೆ, ನಂಬರ್ ಎಲ್ಲೂ ಒತ್ತಿರದಿದ್ದರೆ ಅನುಮಾನ ಪಡು.

ಈಗ ರಿಪೇರಿ. ಸೈಲೆನ್ಸರ್ ಬಿಚ್ಚಿ ಆ ಕಿಂಡಿಯಿಂದ ಪಿಸ್ಟನ್ ನೋಡು. ನುಣುಪಾಗಿದ್ದರೆ ಸಂತೋಷ. ಉದ್ದಕ್ಕೆ ಗೀರು ಇದ್ದರೆ ಅಲ್ಲೇ ನಿಲ್ಲಿಸು, ಮೊದಲು ಸಿಲಿಂಡರ್ ಕೆಲಸ ಆಗಬೇಕು. ಪಿಸ್ಟನ್ ಚೆನ್ನಾಗಿದ್ದರೆ ಸೈಲೆನ್ಸರ್ ವಾಪಸ್ ಹಾಕಿ, ಸ್ಟಾರ್ಟರ್ ಹಿಡಿಕೆ ಹಿಡಿದು ಮಷಿನ್ ಅನ್ನು ತೂಗುಬಿಡು. ತಡೆದು ತಡೆದು ಇಳಿದರೆ ಕಂಪ್ರೆಶನ್ ಇದೆ. ಸರ್ರನೆ ಇಳಿದರೆ ರಿಂಗ್ ಸವೆದಿದೆ.

ನಿನ್ನ ಮಷಿನ್ ಓಡಿ ನಿಲ್ಲುವುದಕ್ಕೆ ಕಾರಣ, ಟ್ಯಾಂಕಿನ ಪೆಟ್ರೋಲ್ ಮೇಲೆ ಬರುತ್ತಿಲ್ಲ. ಪೈಪ್ ಸೀಳಿರಬಹುದು, ಟ್ಯಾಂಕ್ ಒಳಗಿನ ಫಿಲ್ಟರ್ ಕಟ್ಟಿರಬಹುದು. ಜಾಸ್ತಿ ಅನುಮಾನ ಡಯಾಫ್ರಂ ಮೇಲೆ. ಇದರಲ್ಲಿ ಬೈಕಿನ ಹಾಗೆ ಫ್ಲೋಟ್ ಇರುವುದಿಲ್ಲ, ಕ್ರ್ಯಾಂಕ್‌ಕೇಸಿನ ಗಾಳಿಯ ಒತ್ತಡಕ್ಕೆ ಡಯಾಫ್ರಂ ಎಂಬ ತೆಳು ಪೊರೆ ಅಲುಗಾಡಿ ಪೆಟ್ರೋಲ್ ಎಳೆಯುತ್ತದೆ. ವರ್ಷಗಟ್ಟಲೆ ಸುಮ್ನೆ ಬಿದ್ದರೆ ಆ ಪೊರೆ ಹಪ್ಪಳದಂತೆ ಗಟ್ಟಿಯಾಗುತ್ತದೆ. ಕಾರ್ಬ್ಯುರೇಟರ್ ಮೈಮೇಲೆ ಒತ್ತಿರುವ ಅಕ್ಷರ, ನಂಬರ್ ಫೋಟೋ ತೆಗೆದು ಅದಕ್ಕೆ ಸರಿಹೊಂದುವ ಕಿಟ್ ತರಿಸು.

ಇಷ್ಟಕ್ಕೇ ಮರ ಕಡಿಯಲು ಹೊರಡಬೇಡ. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ (ಗಾಳಿ ತಡೆಯುವ ರಬ್ಬರ್ ಬಳೆ) ನೋಡಲೇಬೇಕು. ಹಳೆ ಮಷಿನ್‌ಗಳು ತುಕ್ಕಿನಿಂದ ಸಾಯುವುದು ಕಡಿಮೆ, ಸೀಲಿನಿಂದ ಗಾಳಿ ಹೊಕ್ಕು ಸಾಯುವುದೇ ಜಾಸ್ತಿ. ಗಾಳಿ ಹೊಕ್ಕರೆ ಮಿಕ್ಸ್ಚರ್ ತೆಳುವಾಗುತ್ತದೆ, ಆಯಿಲೂ ಸಾಲುವುದಿಲ್ಲ, ಬಿಸಿಗೆ ಪಿಸ್ಟನ್ ಹಿಡಿಯುತ್ತದೆ. ಪರೀಕ್ಷೆ ಸುಲಭ. ಕಾರ್ಬ್ಯುರೇಟರ್ ಕಿಂಡಿ, ಸೈಲೆನ್ಸರ್ ಕಿಂಡಿ ಎರಡಕ್ಕೂ ರಬ್ಬರ್ ಶೀಟ್ ಇಟ್ಟು ಬಿಗಿ. ಪ್ಲಗ್ ತೂತಿನಿಂದ ಕೈಪಂಪಿನಲ್ಲಿ ಅರ್ಧ ಬಾರ್ ಒತ್ತಡದ ಗಾಳಿ ತುಂಬು. ಸೀಲ್ ಸುತ್ತ ಸೋಪಿನ ನೀರು ಹಚ್ಚು. ನೊರೆ ಬಂದರೆ ಸೀಲ್ ಹೋಗಿದೆ. ಹಳೆ ಸೀಲ್ ಅಳತೆ ತೋರಿಸಿದರೆ ಬೇರಿಂಗ್ ಅಂಗಡಿಯಲ್ಲೇ ಸಿಗಬಹುದು.

ಖಾನಾಪುರದವರೇ: ಕಾಕಾ, ಫ್ಲೈವ್ಹೀಲ್ ಕೆಳಗೆ ಪ್ಲಗ್ಗಿನ ಕಿಡಿ ಹೊಂದಿಸುವ ಪಾಯಿಂಟ್ ಇದೆ. ಅದಕ್ಕೂ ಕೈ ಹಾಕಬೇಕಾ?

ಮಿಸ್ತ್ರಿ: ಹಾಕು. ಹಳೆ ರಾಜದೂತ್, ಯೆಜ್ಡಿ ನೋಡಿದ ಯಾವ ಮಿಸ್ತ್ರಿಗಾದರೂ ಅದು ಪರಿಚಯದ ಕೆಲಸ. ನಯವಾದ ಪಾಲಿಷ್ ಪೇಪರಿನಿಂದ ಉಜ್ಜಿ, ಎಣ್ಣೆ ಇಲ್ಲದಂತೆ ಒರೆಸು. ಗ್ಯಾಪ್ 0.35ರಿಂದ 0.4 ಮಿ.ಮೀ. ಫೀಲರ್ ಗೇಜ್ ಇಟ್ಟು ಸೆಟ್ ಮಾಡು, ಕಣ್ಣಂದಾಜು ಬೇಡ. ಪಾಯಿಂಟ್ ಬೇಗ ಬೇಗ ಸುಡುತ್ತಿದ್ದರೆ ಕಂಡೆನ್ಸರ್ ಬದಲಿಸು. ಫ್ಲೈವ್ಹೀಲ್ ಎಳೆಯಲು ಪುಲ್ಲರ್ ಬಳಸು. ಸುತ್ತಿಗೆ ಪೆಟ್ಟಿಗೆ ಫ್ಲೈವ್ಹೀಲ್ ಒಡೆದರೆ ಬದಲಿ ಸಿಗುವುದು ಕಷ್ಟ.

ಪ್ರಶ್ನೆ (ಅಥಣಿ): ಸರ, ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್ ಹಳೆ ಮಷಿನ್‌ಗೆ ನಡೀತದಾ? ಆಯಿಲ್ ಎಷ್ಟು ಹಾಕಬೇಕು?

ಮಿಸ್ತ್ರಿ: ನಮ್ಮ ಕಬ್ಬಿನಿಂದಲೂ ಬರುವ ಎಥೆನಾಲ್ ಅದು, ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ 20 ಪರ್ಸೆಂಟ್ ಬೆರೆಸಿದ್ದೇ. ನಡೆಯುತ್ತದೆ, ಆದರೆ ಎಚ್ಚರ ಬೇಕು. ಎಥೆನಾಲ್ ಹಳೆ ರಬ್ಬರನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಎಥೆನಾಲ್ ತಡೆಯುವ ಹೊಸ ಪೈಪ್ ಹಾಕಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್ ಒಣಗುವವರೆಗೆ ಓಡಿಸಿ ಇಡಿ. ಒಂದು ಲೀಟರಿಗೆ 40 ಮಿ.ಲೀ. ಟೂ ಸ್ಟ್ರೋಕ್ ಆಯಿಲ್. ನಾಲ್ಕು ಸ್ಟ್ರೋಕ್ ಬೈಕಿನ ಆಯಿಲ್ ಬೇಡ.

ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹೊಂದಿಸುವ ಹೈ ಸ್ಕ್ರೂ, ಲೋ ಸ್ಕ್ರೂ ಎರಡನ್ನೂ ಮೆಲ್ಲಗೆ ಪೂರ್ತಿ ಮುಚ್ಚಿ ಒಂದು ಸುತ್ತು ಬಿಚ್ಚಿ ಶುರು ಮಾಡಿ. ಖಾಲಿ ಫುಲ್ ರೇಸಿನಲ್ಲಿ ದನಿ ಸ್ವಲ್ಪ ಒಡೆದಂತೆ ಬರಬೇಕು, ಕಟ್ಟಿಗೆಗೆ ಇಟ್ಟಾಗ ಸಾಫಾಗಬೇಕು. ಖಾಲಿ ಇದ್ದಾಗಲೇ ಕಿರ್ರನೆ ಚೀರಿದರೆ ತಕ್ಷಣ ಬಂದ್ ಮಾಡಿ, ಪೆಟ್ರೋಲ್ ಕಡಿಮೆ ಬರುತ್ತಿದೆ.

ಪ್ರಶ್ನೆ (ಬಾದಾಮಿ): ಅಣ್ಣಾರ, ನಮ್ಮದು ಬಳ್ಳಾರಿ ಜಾಲಿ ಕೊಯ್ಯುವಾಗ ಬರೀ ಹಿಟ್ಟು ಉದುರಿಸುತ್ತದೆ. ಒಂದು ಬದಿಗೆ ಎಳೆಯುತ್ತದೆ ಕೂಡ.

ಮಿಸ್ತ್ರಿ: ಹಿಟ್ಟು ಬಿದ್ದರೆ ಹಲ್ಲು ಮೊಂಡು. ಬದಿಗೆ ಎಳೆದರೆ ಎಡ, ಬಲ ಹಲ್ಲುಗಳ ಉದ್ದ ಒಂದೇ ಇಲ್ಲ, ಇಲ್ಲವೇ ಚೈನ್ ಓಡುವ ಪಟ್ಟಿ, ಅಂದರೆ ಬಾರ್, ಒಂದು ಬದಿ ಸವೆದಿದೆ. ಅಕ್ಕಪಕ್ಕದ ಮೂರು ರಿವೆಟ್‌ಗಳ ಅಂತರ ಅಳೆದು ಎರಡರಿಂದ ಭಾಗಿಸಿ, ಅದೇ ಪಿಚ್. 0.404 ಇಂಚು ಬಂದರೆ 5.5 ಮಿ.ಮೀ. ದುಂಡು ಫೈಲ್, 3/8 ಬಂದರೆ 5.2. ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ, ಪ್ರತಿ ಹಲ್ಲಿಗೂ ಅಷ್ಟೇ ಸಲ.

ಖಾನಾಪುರದವರು: ಕಾಕಾ, ನಮ್ಮದರಲ್ಲಿ ಚೈನನ್ನು ತಕ್ಷಣ ನಿಲ್ಲಿಸುವ ಚೈನ್ ಬ್ರೇಕ್ ಇಲ್ಲ. ಅಪ್ಪ ಏಣಿ ಹತ್ತಿ ಬೇವಿನ ಟೊಂಗೆ ಕಡಿಯುತ್ತೇನೆ ಅಂತಾರೆ.

ಮಿಸ್ತ್ರಿ: ಏಣಿ ಮೇಲೆ ಬೇಡವೇ ಬೇಡ, ಅಪ್ಪಾಜಿಗೆ ನನ್ನ ಹೆಸರಿನಲ್ಲೇ ಹೇಳು. ಕಂಪನಿಗಳು ಚೈನ್ ಬ್ರೇಕ್ ಹಾಕಲು ಶುರು ಮಾಡಿದ್ದು 1970ರ ದಶಕದಲ್ಲಿ, ಅದಕ್ಕಿಂತ ಹಳೆಯದರಲ್ಲಿ ಇರುವುದಿಲ್ಲ. ಬಾರ್ ತುದಿಯ ಮೇಲ್ಭಾಗ ಟೊಂಗೆಗೆ ತಾಗಿದರೆ ಮಷಿನ್ ಮುಖದ ಕಡೆಗೆ ಹಾರುತ್ತದೆ. ಅಷ್ಟು ಬೇಗ ಯಾರ ಕೈಯೂ ತಡೆಯಲಾರದು. ಈ ಮಷಿನ್ ನೆಲದ ಮೇಲೆ ಬಿದ್ದ ದಿಮ್ಮಿ ತುಂಡು ಮಾಡಲು ಮಾತ್ರ ಇರಲಿ. ಎರಡೂ ಕೈ ಹಿಡಿಕೆ ಮೇಲೆ, ಎಡ ಮೊಣಕೈ ನೇರ, ದೇಹ ಬಾರಿನ ಸಾಲಿನಿಂದ ಪಕ್ಕಕ್ಕೆ. ಕಿವಿಗೆ, ಕಣ್ಣಿಗೆ, ಕಾಲಿಗೆ ರಕ್ಷಣೆ ಇಲ್ಲದೆ ಹಗ್ಗ ಎಳೆಯಬೇಡಿ. ಇವುಗಳಲ್ಲಿ ನಡುಕ ತಡೆಯುವ ರಬ್ಬರೂ ಕಡಿಮೆ, ಬೆರಳು ಜೋಮು ಹಿಡಿದು ಬೆಳ್ಳಗಾದರೆ ಆ ದಿನದ ಕೆಲಸ ಬಿಡಬೇಕು.

ನಿಂತ ಮರ ಕಡಿಯುವ ಯೋಚನೆ ಇದ್ದರೆ ಸ್ವಂತ ಹೊಲದ್ದಾದರೂ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ಸೀಲ್ ಪರೀಕ್ಷೆ ಮಾಡಿದ ಮೇಲೆ ಫೋಟೋ ಹಾಕು, ನೋಡಿ ಹೇಳುತ್ತೇನೆ.