ಸಹಾಯ ಬೇಕು: ಗನ್ಸ್ ಆಫ್ ಇಕಾರಸ್ ಆಟದ ಬ್ಯಾಲೆನ್ಸ್ ಬದಲಾವಣೆಗಳ (ಹಡಗು, ಆಯುಧಗಳ ಬಲಾಬಲದ ಅಂಕಿಗಳ ತಿದ್ದುಪಡಿಗಳ) ವಿವರ

ಎಲ್ಲರಿಗೂ ನಮಸ್ಕಾರ. ಉಡುಪಿ, ಮಣಿಪಾಲದ ನಾವು ನಾಲ್ವರು ಗೆಳೆಯರು, 2012ರಲ್ಲಿ ಬಿಡುಗಡೆಯಾದ, ಬಲೂನಿನಿಂದ ತೇಲುವ ಆಕಾಶ ಹಡಗುಗಳ ಕಾಳಗದ ಗನ್ಸ್ ಆಫ್ ಇಕಾರಸ್ ಆನ್‌ಲೈನ್ ಆಟದ ಹಡಗು ಮತ್ತು ಆಯುಧಗಳ ಕುರಿತು ಹೊಸಬರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಎಡೆಬಿಡದೆ ಗುಂಡು ಹಾರಿಸುವ ಗ್ಯಾಟ್ಲಿಂಗ್ ಗನ್ ಎದುರಾಳಿ ಹಡಗಿನ ಕವಚವನ್ನು ಕಳಚಿದ ಕೂಡಲೇ ಸಿಡಿಗುಂಡು ಎಸೆಯುವ ಮಾರ್ಟರ್‌ನಿಂದ ಒಡಲಿಗೆ ಹೊಡೆಯುವ ಪಿರಮಿಡಿಯನ್ ಹಡಗಿನ ಪ್ರಸಿದ್ಧ ತಂತ್ರವು ಆ ಎರಡು ಆಯುಧಗಳ ಹಾನಿ, ರೀಲೋಡ್ (ಮತ್ತೆ ಗುಂಡು ತುಂಬುವ) ಅವಧಿ ಮತ್ತು ತಿರುಗುವ ಕೋನಗಳ ಹೊಂದಾಣಿಕೆಯ ಮೇಲೆಯೇ ನಿಂತಿದೆ. ಇವುಗಳಲ್ಲಿ ಒಂದು ಅಂಕಿ ಬದಲಾದರೂ ಎದುರಾಳಿಯ ಎಂಜಿನಿಯರ್‌ಗೆ ಕವಚವನ್ನು ಮರಳಿ ಕಟ್ಟಲು ಸಿಗುವ ಸಮಯ ಹೆಚ್ಚುಕಡಿಮೆಯಾಗುತ್ತದೆ. ಆದ್ದರಿಂದ ಹಳೆಯ ಕೋಷ್ಟಕಗಳನ್ನು ಹಾಗೆಯೇ ನಕಲು ಮಾಡುವುದು ಹೊಸಬರಿಗೆ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಆವೃತ್ತಿವಾರು ಬದಲಾವಣೆಗಳನ್ನು ಬರೆದಿಟ್ಟುಕೊಂಡವರು, ಅದರಲ್ಲೂ ಬಲೂನಿಗೆ ಮಾರಕವಾದ ಕ್ಯಾರೊನೇಡ್ ಫಿರಂಗಿ ಮತ್ತು ಚುರುಕಾದ ಸ್ಕ್ವಿಡ್ ಹಡಗಿನ ವಿವರವುಳ್ಳವರು, ದಯವಿಟ್ಟು ಇಲ್ಲಿ ಹಂಚಿಕೊಳ್ಳಬೇಕು. ಅಂಕಿಗಳನ್ನು ಆಡಿ ಪರೀಕ್ಷಿಸಲು ಎದುರಾಳಿ ಹಡಗಿಗೆ ಮಂಗಳೂರಿನ ನಾಲ್ವರು ಒದಗಿದರೆ ಬಹಳ ಉಪಕಾರವಾಗುತ್ತದೆ.