ಅಪ್‌ಡೇಟ್: ಖಾನಾಪುರದ ಹೊಲಕ್ಕೆ ಟ್ರೇಲ್ ಕ್ಯಾಮೆರಾ ಬಂತು
ರಾತ್ರಿ ನಮ್ಮ ಕಬ್ಬಿಗೆ ಯಾವ ಪ್ರಾಣಿ ನುಗ್ಗುತ್ತದೆ, ಪಂಪ್‌ಸೆಟ್ ಹತ್ತಿರ ಯಾರು ಓಡಾಡುತ್ತಾರೆ ಎಂದು ನೋಡಲು ಯಾವ ಟ್ರೇಲ್ ಕ್ಯಾಮೆರಾ (ಎದುರಿಗೆ ಏನಾದರೂ ಅಲುಗಾಡಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಒಳ್ಳೆಯದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ರಾತ್ರಿ ಫೋಟೋಗೆ 940 ನ್ಯಾನೋಮೀಟರ್ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕು) ಇರುವುದನ್ನೇ ತಗೊಂಡೆ. 850ರದ್ದು ಜಾಸ್ತಿ ದೂರ ತೋರಿಸುತ್ತದೆ, ನಿಜ. ಆದರೆ ಕತ್ತಲಲ್ಲಿ ಅದರ ಕೆಂಪು ಮಿಣುಕು ಕಾಣುತ್ತದೆ. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಏನು ಬಂತು, ಅಲ್ವಾ? ಅಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಹಾಗಾಗಿ ಫೋಟೋವನ್ನು ಫೋನಿಗೆ ಕಳಿಸುವ ಸಿಮ್ ಬೇಡ, ಮೆಮೊರಿ ಕಾರ್ಡೇ ಸಾಕು.

ಮೊಣಕಾಲಿಗಿಂತ ಸ್ವಲ್ಪ ಮೇಲೆ, ಉತ್ತರಕ್ಕೆ ಮುಖ ಮಾಡಿ ಮತ್ತಿ ಮರಕ್ಕೆ ಬಿಗಿದಿದ್ದೇನೆ. ಬಿಸಿಲು ನೇರ ಹೊಡೆಯುವುದಿಲ್ಲ. ಎದುರಿನ ಹುಲ್ಲು ಕೊಯ್ದ ಮೇಲೆ ಗಾಳಿಗೆ ಸುಮ್ನೆ ಕ್ಲಿಕ್ ಆಗುವುದೂ ನಿಂತಿತು.

ಮೊದಲ ಕಾರ್ಡ್‌ನಲ್ಲೇ ಕಾಡುಹಂದಿ! ಹಿಂದೆ ಸಾಲಾಗಿ ಮರಿಗಳು, ಮೈಮೇಲಿನ ಪಟ್ಟೆ ಕೂಡ ಸ್ಪಷ್ಟ. ಪಂಪ್‌ಸೆಟ್ ಕಡೆ ಯಾರೂ ಸುಳಿದಿಲ್ಲ. ಬೆಳೆ ಪರಿಹಾರದ ಅರ್ಜಿ ಜೊತೆ ಈ ಫೋಟೋಗಳನ್ನೂ ಕೊಡುತ್ತೇನೆ.